ಗುಡಿ ಮುಂದ ನೀಲಿ ಬೋರ್ಡ್ ಹಾಕಿದ ಪುರಾತತ್ವ ಇಲಾಖೆಯವರು ಯಾರ ಕೈಕೆಳಗ ಬರ್ತಾರ, ಅವರಿಗೆ ರೊಕ್ಕ ಯಾರು ಕೊಡ್ತಾರ?

ಗದಗಿನ ಗಾಳಿ

ನಮಸ್ಕಾರ್ರಿ ಎಲ್ಲಾರಿಗೂ. ನಮ್ಮದು ಗದಗ ತಾಲೂಕಿನಾಗ ಒಂದ ಹಳ್ಳಿ, ಹೆಸರ ಹಾಕೂದಿಲ್ಲ, ಹಾಕಿದ್ರ ನಾಳೆ ಕಟ್ಟಿ ಮ್ಯಾಲ ಕುಂತವರು ನನ್ನ ಹಿಡಕೋತಾರ. ಊರ ನಡುವ ಚಾಲುಕ್ಯರ ಕಾಲದ್ದು ಅಂತ ಹೇಳೂ ಕಲ್ಲಿನ ಗುಡಿ ಐತಿ, ಲಕ್ಕುಂಡಿ ಗುಡಿಗೋಳಷ್ಟ ದೊಡ್ಡದಲ್ಲ, ಆದ್ರ ಕೆತ್ತನಿ ಅದಕ್ಕೇನೂ ಕಡಿಮಿ ಇಲ್ಲ. ಅದರ ಶಿಖರದ ಸಂದಿಯೊಳಗ ಅರಳಿ ಗಿಡ ಹುಟ್ಟೇತಿ. ಮೊದಲ ಬೆರಳ ದಪ್ಪ ಇತ್ತು, ಈಗ ಮುಂಗೈ ದಪ್ಪ ಆಗೇತಿ, ಬೇರು ಕೆಳಗ ಇಳದು ಎರಡ ಕಲ್ಲಿನ ನಡುವ ಅಂಗೈ ತೂರುವಷ್ಟು ಬಾಯಿ ಬಿಟ್ಟೇತಿ, ಮಳಿ ಬಂದ್ರ ಗರ್ಭಗುಡಿ ಒಳಗ ಸೋರ್ತೈತಿ.

ಪಂಚಾಯ್ತಿ ಮೆಂಬರ್ರು ನಾವೇ ಏಣಿ ಹಚ್ಚಿ ಕಡಿತೀವಿ ಅಂದ್ರು. ಅಲ್ಲಿ ಕಾವಲಿಗೆ ಇರೂ ಮನಷ್ಯಾ ಮುಟ್ಟಿದ್ರ ಕೇಸ್ ಆಗ್ತೈತಿ ಅಂದ. ಹಂಗಾರ ನೀವ ಕಡೀರಿ ಅಂದ್ರ ಮ್ಯಾಲಿನವರಿಗೆ ಬರದೀವಿ, ಫಂಡ್ ಬಂದಿಲ್ಲ ಅಂತಾನ. ಈ ಮ್ಯಾಲಿನವರು ಅಂದ್ರ ಯಾರ್ರಿ? ಬೆಂಗಳೂರಿನವರೋ ದಿಲ್ಲಿಯವರೋ? ಈ ಪುರಾತತ್ವ ಇಲಾಖೆ ನಡಸವರು ಯಾರು, ಇವರಿಗೆ ವರ್ಷಕ್ಕ ರೊಕ್ಕ ಹೆಂಗ ಬರ್ತೈತಿ, ಬಾದಾಮಿ ಪಟ್ಟದಕಲ್ಲಿಗೆ ಹೋದಾಗೊಮ್ಮೆ ಮನಿ ಮಂದಿಗೆಲ್ಲಾ ಟಿಕೀಟ್ ತಗಸ್ತೀವಲ್ಲ ಆ ರೊಕ್ಕ ಎಲ್ಲಿ ಹೋಗ್ತೈತಿ, ಅದರಾಗ ನಮ್ಮ ಗುಡಿಗೆ ಒಂದೀಟು ಹಾಕಾಕ ಏನ್ ಆಗೈತಿ ಇವರಿಗೆ? ಇನ್ನೊಂದು, ಗುಡಿ ಬಾಜೂಕ ನಮ್ಮ ಕಾಕಾನ ಹಳೇ ಮನಿ ಐತಿ, ಗ್ವಾಡಿ ಬಿದ್ದೇತಿ, ಅದನ್ನೂ ಕಟ್ಟಬ್ಯಾಡ ಅಂತಾರ. ಗೊತ್ತಿದ್ದವರು ಸ್ವಲ್ಪ ಬಿಡಿಸಿ ಹೇಳ್ರಿ.

ಹುಬ್ಬಳ್ಳಿ ಮಿರ್ಚಿ

ಇನ್ನ ಸ್ವಲ್ಪ ತಡೀರಿ, ಗಿಡ ದೊಡ್ಡದಾಗಿ ನೆಳ್ಳ ಕೊಡಾಕ ಹತ್ತಿದ ಮ್ಯಾಲ ಅರಣ್ಯ ಇಲಾಖೆಯವರೂ ಬಂದು ಇದು ನಮ್ಮದು ಅಂತಾರ 😄

ಸಪ್ತಾಪುರ ರೀಡಿಂಗ್ ರೂಮ್

ಅಣ್ಣಾರ, ಮೊದಲ ಆ ಬೋರ್ಡ್ ಪೂರ್ತಿ ಓದ್ರಿ. ‘ರಾಷ್ಟ್ರೀಯ ಮಹತ್ವದ ಸ್ಮಾರಕ’ ಅಂತಿದ್ದು 1958ರ ಕಾಯ್ದೆ ಹೆಸರು ಇದ್ರ ಅದು ಕೇಂದ್ರದ್ದು, ಅಂದ್ರ ಭಾರತೀಯ ಪುರಾತತ್ವ ಸರ್ವೇಕ್ಷಣ, ನಾವೆಲ್ಲಾ ಎಎಸ್‌ಐ ಅಂತೀವಲ್ಲ ಅದು. 1961ರ ಕರ್ನಾಟಕದ ಕಾಯ್ದೆ ಹೆಸರಿದ್ರ ಅದು ರಾಜ್ಯದ ಪುರಾತತ್ವ, ಸಂಗ್ರಹಾಲಯಗಳು ಮತ್ತು ಪರಂಪರೆ ಇಲಾಖೆದು, ಅದರ ಹೆಡ್ ಆಫೀಸ್ ಮೈಸೂರಿನಾಗ. ಇವೆರಡೂ ಒಂದೇ ಅಂತ ಊರಾಗ ಎಲ್ಲಾರೂ ತಿಳಕೊಂಡಿರ್ತಾರ, ಅಲ್ಲ. ರೊಕ್ಕ ಬ್ಯಾರೆ, ಆಫೀಸರ್ ಬ್ಯಾರೆ, ಅರ್ಜಿ ಕೊಡೂ ಬಾಗಲಾನೂ ಬ್ಯಾರೆ. ಸಂವಿಧಾನದಾಗೇ ಹಂಗ ಹಂಚ್ಯಾರ, ಪಾರ್ಲಿಮೆಂಟ್ ರಾಷ್ಟ್ರೀಯ ಮಹತ್ವದ್ದು ಅಂದದ್ದು ಕೇಂದ್ರ ಪಟ್ಟಿ 67ನೇ ನಮೂದು, ಉಳಿದ ಸ್ಮಾರಕ ರಾಜ್ಯ ಪಟ್ಟಿ 12. ಇದು ಗೊತ್ತಿಲ್ಲದ ಮೈಸೂರಿಗೆ ಕಳಸೂ ಅರ್ಜಿ ದಿಲ್ಲಿಗೆ, ದಿಲ್ಲಿದು ಮೈಸೂರಿಗೆ ಅಂತ ಓಡ್ಯಾಡಿ ಮಂದಿ ಸುಸ್ತಾಗ್ತಾರ.

ಎಎಸ್‌ಐದೇ ಅಂತ ಇಟ್ಕೊಂಡು ಹೇಳ್ತೀನಿ, ನಮ್ಮ ಕಡೆ ಅದೇ ಜಾಸ್ತಿ. ಉಣಕಲ್ ಚಂದ್ರಮೌಳೇಶ್ವರ, ಡಂಬಳದ ದೊಡ್ಡಬಸಪ್ಪ, ಅಣ್ಣಿಗೇರಿ ಅಮೃತೇಶ್ವರ, ಹಾವೇರಿ ಸಿದ್ಧೇಶ್ವರ, ಹಾನಗಲ್ ತಾರಕೇಶ್ವರ, ಬಂಕಾಪುರದ ನಗರೇಶ್ವರ ಎಲ್ಲಾ ಇವರ ಕೈಯಾಗೇ ಅವ. ಯಾಕ ಇಷ್ಟು ಅಂದ್ರ ನಾವು ಮುಂಬಯಿ ಪ್ರಾಂತ್ಯದಾಗ ಇದ್ದವರು, ಬ್ರಿಟಿಷರು 1904ರ ಕಾಯ್ದೆ ಪ್ರಕಾರ ಪಟ್ಟಿ ಮಾಡಿಟ್ಟಿದ್ರು, 1951ರಾಗ ಒಂದ ಕಾಯ್ದೆ ತಂದು ಆ ಪಟ್ಟಿನೇ ರಾಷ್ಟ್ರೀಯ ಮಹತ್ವದ್ದು ಅಂತ ಎತ್ತಿ ಆಕಡೆ ಇಟ್ಟುಬಿಟ್ರು, 1958ರ ಕಾಯ್ದೆನೂ ಅದನ್ನ ಹಂಗೇ ಮುಂದುವರಿಸ್ತು. ಕುಂತು ಒಂದೊಂದಾಗಿ ಆರಿಸಿದ್ದಲ್ಲ. ಈಗ ದೇಶದಾಗ 3,600ಕ್ಕೂ ಹೆಚ್ಚು, ಕರ್ನಾಟಕ ಒಂದರಾಗೇ 500ಕ್ಕೂ ಹೆಚ್ಚು.

ಇನ್ನ ಆಡಳಿತ. 1861ರಾಗ ಕನ್ನಿಂಗ್‌ಹ್ಯಾಮ್ ಅನ್ನೂ ಬ್ರಿಟಿಷ್ ಅಧಿಕಾರಿ ಶುರು ಮಾಡಿದ ಇಲಾಖೆ, ವಯಸ್ಸಾತು, ಆದ್ರ ಇವತ್ತಿಗೂ ಅದು ತನ್ನದೇ ಆಡಳಿತ ಮಂಡಳಿ ಇರೂ ಸ್ವಾಯತ್ತ ಸಂಸ್ಥಾ ಅಲ್ಲ. ಸಂಸ್ಕೃತಿ ಸಚಿವಾಲಯದ ಕೈಕೆಳಗಿನ ಆಫೀಸ್, ಅಷ್ಟೇ. ಸೆಂಟ್ರಲ್ ಅಡ್ವೈಸರಿ ಬೋರ್ಡ್ ಅಂತ ಒಂದ ಅದ, ಸಂಸ್ಕೃತಿ ಸಚಿವರೇ ಅದರ ಅಧ್ಯಕ್ಷರು, ಹೆಸರೇ ಹೇಳೂ ಹಂಗ ಅದು ಸಲಹಾ ಕೊಡೂ ಬೋರ್ಡ್, ಚೆಕ್ಕಿಗೆ ಸೈ ಹಾಕೂ ಬೋರ್ಡ್ ಅಲ್ಲ. ಮ್ಯಾಲ ಡೈರೆಕ್ಟರ್ ಜನರಲ್. ಮೊದಲ ಈ ಕುರ್ಚಿಗೆ ಪುರಾತತ್ವದವರೇ ಬರ್ತಿದ್ರು. ಎಂ.ಎಸ್. ನಾಗರಾಜ ರಾವ್ ಅವರ ಹೆಸರು ನಮ್ಮ ಕಡೆಯವರಿಗೆ ಗೊತ್ತಿರಬೇಕು, 1965ರಾಗ ಹಾವೇರಿ ಜಿಲ್ಲಾದ ಹಳ್ಳೂರು ಉತ್ಖನನ ಮಾಡಿದವರು, ಮುಂದ 80ರ ದಶಕದಾಗ ಡಿಜಿ ಆದ್ರು. ಆಮ್ಯಾಲ ಐಎಎಸ್‌ನವರು ಬರೂದು ಜಾಸ್ತಿ ಆತು. 2020ರಾಗ ಬಂದ ವಿ. ವಿದ್ಯಾವತಿ ನಮ್ಮ ಕರ್ನಾಟಕ ಕೇಡರಿನವರೇ. ಅವರ ನಂತರ 2023ರಾಗ ಮತ್ತ ಪುರಾತತ್ವದವರೇ ಆದ ಯದುಬೀರ್ ಸಿಂಗ್ ರಾವತ್ ಬಂದ್ರು.

ಡಿಜಿ ಕೆಳಗ ಸರ್ಕಲ್‌ಗೋಳು. ಸರ್ಕಲ್ ಅಂದ್ರ ಒಂದೊಂದ ಭಾಗದ ಸ್ಮಾರಕ ನೋಡ್ಕೊಳ್ಳೂ ಆಫೀಸ್. ಕರ್ನಾಟಕದಾಗ ಬೆಂಗಳೂರು, ಧಾರವಾಡ, 2020ರಾಗ ಹಂಪಿನೂ ಪೂರ್ತಿ ಸರ್ಕಲ್ ಆತು. ನಿಮ್ಮದು ಧಾರವಾಡ ಸರ್ಕಲ್. ಸರ್ಕಲ್ಲಿಗೆ ಸೂಪರಿಂಟೆಂಡಿಂಗ್ ಆರ್ಕಿಯಾಲಜಿಸ್ಟ್, ಅವರ ಕೆಳಗ ಸಬ್ ಸರ್ಕಲ್ಲಿನಾಗ ಕನ್ಸರ್ವೇಶನ್ ಅಸಿಸ್ಟೆಂಟ್, ಅವರ ಕೆಳಗ ನಿಮ್ಮ ಕಾವಲಿನ ಮನಷ್ಯಾ. ಆ ಬಡಪಾಯಿಗೆ ಬೈದು ಉಪಯೋಗ ಇಲ್ಲ, ಒಂದ ಕಲ್ಲ ಎತ್ತಿ ಇಡಾಕೂ ಅವನಿಗೆ ಅಧಿಕಾರ ಇಲ್ಲ. ನೀವು ಹಿಡೀಬೇಕಾದ್ದು ಕನ್ಸರ್ವೇಶನ್ ಅಸಿಸ್ಟೆಂಟ್‌ನ, ಎಸ್ಟಿಮೇಟ್ ಹುಟ್ಟೂದು ಅವರ ಟೇಬಲ್ ಮ್ಯಾಲ.

ರೊಕ್ಕದ ವಿಷಯ. ವರ್ಷಾ ಪಾರ್ಲಿಮೆಂಟ್ ಸಂಸ್ಕೃತಿ ಸಚಿವಾಲಯದ ಖರ್ಚಿನ ಬೇಡಿಕೆಗೆ ಒಪ್ಪಿಗಿ ಕೊಡ್ತದ, ಅದರಾಗ ಹತ್ರತ್ರ ಮೂರನೇ ಒಂದು ಪಾಲು ಎಎಸ್‌ಐಗೆ, ಈಗೀಗ ಸಾವಿರ ಕೋಟಿ ದಾಟೇದ. ಕೇಳಾಕ ದೊಡ್ಡದು. ಆದ್ರ ಅದರಾಗ ಪಗಾರ, ಉತ್ಖನನ, ಮ್ಯೂಸಿಯಮ್, ಮೈಸೂರಿನ ಶಾಸನ ವಿಭಾಗ, ಆಗ್ರಾದ ಗಾರ್ಡನ್ ವಿಭಾಗ, ಡೆಹ್ರಾಡೂನಿನ ಸೈನ್ಸ್ ವಿಭಾಗ ಎಲ್ಲಾ ಬಂತು. ಪ್ರಧಾನಿಯವರ ಆರ್ಥಿಕ ಸಲಹಾ ಮಂಡಳಿ 2023ರಾಗ ಒಂದ ವರದಿ ಕೊಟ್ಟಿತ್ತು, 2019-20ರಾಗ ಸ್ಮಾರಕ ರಕ್ಷಣಾಕ್ಕ ಅಂತ ಇದ್ದದ್ದು 428 ಕೋಟಿ, 3,695 ಸ್ಮಾರಕಕ್ಕ ಹಂಚಿದ್ರ ತಲಾ 11 ಲಕ್ಷ ಚಿಲ್ಲರ. ಅದೂ ಸಮಾ ಹಂಚಿದ್ರ! ತಾಜ್ ಮಹಲಿಗೂ ನಿಮ್ಮೂರ ಗುಡಿಗೂ ಸಮಾ ಹಂಚೂದಿಲ್ಲ ಅನ್ನೂದು ಹೇಳೂದು ಬ್ಯಾಡ.

ಟಿಕೀಟ್ ರೊಕ್ಕ ಎಎಸ್‌ಐ ಕಿಸೆಗೆ ಹೋಗೂದಿಲ್ಲ. ಬಾದಾಮಿಗೆ 25, ಪಟ್ಟದಕಲ್ ವಿಶ್ವ ಪರಂಪರೆ ಅಂತ 40, ಇದು 2018ರಿಂದ ಇರೂ ರೇಟ್, ಅಷ್ಟೂ ಭಾರತ ಸರಕಾರದ ಸಂಚಿತ ನಿಧಿಗೆ, ಅಂದ್ರ ಸರಕಾರದ ದೊಡ್ಡ ಖಜಾನಿಗೆ ಜಮಾ. ಕಂಡಕ್ಟರ್ ಬ್ಯಾಗಿನಾಗಿನ ರೊಕ್ಕ ತಗದು ಅದೇ ಬಸ್ಸಿಗೆ ಟೈರ್ ಹಾಕಾಕ ಬರೂದಿಲ್ಲಲ್ಲ, ಹಂಗ. ಅಲ್ಲಿಂದ ವಾಪಸ್ ಬರಬೇಕಂದ್ರ ಮತ್ತ ಬಜೆಟ್ ದಾರಿನೇ. ಮತ್ತ ಇಡೀ ದೇಶದಾಗ ಟಿಕೀಟ್ ಇರೂ ಸ್ಮಾರಕ ನೂರೈವತ್ತರ ಒಳಗೇ, ಉಳಿದ ಮೂರುವರಿ ಸಾವಿರ ಫ್ರೀ.

ಹಾವೇರಿ ಏಲಕ್ಕಿ

ಸಪ್ತಾಪುರದವರು ಚಲೋ ಬರದಾರ, ಆದ್ರ ಕೋಟಿ ಲೆಕ್ಕದಾಗ ನಿಮ್ಮ ಗಿಡ ಕಳದು ಹೋತು. ನಾನು ಕಲ್ಲಿನ ಕೆಲಸದವರ ಮನಿತನದಾಗಿನವ, ಹಳೇ ಗುಡಿ ರಿಪೇರಿ ಹತ್ರಿಂದ ನೋಡೀನಿ, ಅದಕ್ಕ ಹೇಳ್ತೀನಿ.

ಮೊದಲನೇದು, ಪಂಚಾಯ್ತಿಯವರು ಏಣಿ ಹಚ್ಚಿ ಕಡಿಲಿಲ್ಲಲ್ಲ, ಪುಣ್ಯಾ ಬಂತು. ಅರಳಿ ಗಿಡ ಮ್ಯಾಲ ಕಡದ್ರ ಸಾಯೂದಿಲ್ಲ, ಬೇರು ಒಳಗ ಜೀವ ಹಿಡಕೊಂಡು ನಾಕ ಕಡೆ ಚಿಗರ್ತೈತಿ, ಎಳದು ಕಿತ್ರ ಬೇರಿನ ಕೂಡ ಕಲ್ಲೂ ಬರ್ತೈತಿ. ಕಾಂಡ ಕೊಯ್ದು, ಬುಡಕ್ಕ ಔಷಧ ಹಾಕಿ, ಬೇರು ಒಣಗಿದ ಮ್ಯಾಲ ಕಲ್ಲ ಸಡಲ ಮಾಡಿ ಒಂದೊಂದಕ್ಕ ನಂಬರ್ ಬರದು ಇಳಿಸಿ, ಬೇರು ತಗದು, ವಾಪಸ್ ಅದೇ ಜಾಗಕ್ಕ ಕುಂದ್ರಸಬೇಕು. ಸಂದಿಗೆ ಸುಣ್ಣದ ಗಾರಿನೇ ಆಗಬೇಕು. ನಮ್ಮ ಕಡೆ ಈ ಗುಡಿಗೋಳೆಲ್ಲಾ ಬಳಪದ ಕಲ್ಲು, ಮೆತ್ತಗಿರ್ತೈತಿ, ಸಿಮೆಂಟ್ ಹಾಕಿದ್ರ ಅದರ ಉಪ್ಪು ನೀರಿನ ಕೂಡ ಕಲ್ಲಿಗೆ ಇಳದು ಮ್ಯಾಲಿನ ಪದರು ಹಪ್ಪಳಿಕಿ ಎದ್ದು ಬೀಳ್ತೈತಿ, ಕೆತ್ತನಿ ಮೊದಲ ಹೋಗ್ತೈತಿ. ಊರ ಮಂದಿ ಭಕ್ತಿಲೆ ಸಿಮೆಂಟ್ ಮೆತ್ತಿ ಆಯಿಲ್ ಪೇಂಟ್ ಬಳದ ಗುಡಿ ಎಷ್ಟ ಬೇಕು ತೋರಿಸ್ತೀನಿ. ಕೇಸ್ ಅನ್ನೂದೂ ಖರೇ ಐತಿ, ರಕ್ಷಿತ ಸ್ಮಾರಕಕ್ಕ ಹಾನಿ ಮಾಡಿದ್ರ ಎರಡ ವರ್ಷದ ತನಕ ಜೈಲು ಇಲ್ಲಾ ಒಂದ ಲಕ್ಷದ ತನಕ ದಂಡ, ಎರಡೂ ಆದ್ರೂ ಆತು.

ಎರಡನೇದು ಫಂಡ್ ಬಂದಿಲ್ಲ ಅನ್ನೂ ಮಾತು. ಸರ್ಕಲ್ ಆಫೀಸಿನಾಗ ವರ್ಷಾ ಒಂದ ಕನ್ಸರ್ವೇಶನ್ ಪ್ರೋಗ್ರಾಮ್ ಮಾಡ್ತಾರ, ಈ ವರ್ಷ ಯಾವ್ಯಾವ ಸ್ಮಾರಕಕ್ಕ ಏನೇನ ಕೆಲಸ, ಎಷ್ಟೆಷ್ಟು ರೊಕ್ಕ ಅಂತ, ಅದು ದಿಲ್ಲಿಗೆ ಹೋಗಿ ಮಂಜೂರಾಗಿ ಬರಬೇಕು. ಆ ಪಟ್ಟಿಯಾಗ ನಿಮ್ಮ ಗುಡಿ ಹೆಸರಿಲ್ಲ ಅಂದ್ರ ಸರ್ಕಲ್ಲಿನಾಗ ರೊಕ್ಕ ಇದ್ರೂ ಅದು ನಿಮಗಲ್ಲ. ಹೆಸರು ಬಂತು ಅಂತ ಇಟ್ಕೋರಿ, ಎಸ್ಟಿಮೇಟ್ ಪಾಸ್ ಆಗಬೇಕು, ಟೆಂಡರ್ ಆಗಬೇಕು, ಸರಕಾರದ ವರ್ಷ ಮಾರ್ಚ್ 31ಕ್ಕ ಮುಗೀತೈತಿ, ಖರ್ಚಾಗದ ರೊಕ್ಕ ವಾಪಸ್. ಆದ್ರ ಸುಣ್ಣದ ಕೆಲಸಕ್ಕ ಅವಸರ ನಡಿಯೂದಿಲ್ಲ. ಸುಣ್ಣ ಕೊಳೀಬೇಕು, ಅರೀಬೇಕು, ಹಾಕಿದ ಮ್ಯಾಲ ಗೋಣಿ ಚೀಲ ಹೊಚ್ಚಿ ಹಸಿ ಇಡಬೇಕು, ನಮ್ಮ ಮಾರ್ಚ್ ಬಿಸಲಿಗೆ ಒಂದ ದಿನ ನೀರ ಹೊಡಿಯೂದು ಮರತ್ರ ಬಿರಕ ಬಿಡ್ತೈತಿ. ಮಳಿ ಮುಗದು ದೀಪಾವಳಿ ಆದ ಮ್ಯಾಲ ಶುರುವಾದ್ರ ಚಲೋ ಕೆಲಸ, ಫೆಬ್ರುವರಿಯಾಗ ಕಾಗದ ಬಂದ್ರ ಕೆಲಸ ಹೆಂಗಾಗ್ತೈತಿ ನೀವ ಯೋಚನೆ ಮಾಡ್ರಿ. ನನ್ನ ಕೇಳಿದ್ರ ರೊಕ್ಕ ಕಡಿಮಿ ಅನ್ನೂದು ಅರ್ಧ ಮಾತು, ರೊಕ್ಕ ಬರೂ ಟೈಮಿಗೂ ಕಲ್ಲಿನ ಕೆಲಸದ ಟೈಮಿಗೂ ಹೊಂದೂದೇ ಇಲ್ಲ, ಅದನ್ನ ಬದಲಾಯಿಸೂ ಅಧಿಕಾರ ಧಾರವಾಡದಾಗ ಕುಂತವರಿಗೆ ಇಲ್ಲ.

ಉಣಕಲ್ ಕೆರಿ ದಂಡಿ

ಕಾಕಾನ ಮನಿ ವಿಷಯಕ್ಕ ಉತ್ತರ ಯಾರೂ ಕೊಡ್ಲಿಲ್ಲಲ್ಲ. ನಮ್ಮ ಉಣಕಲ್ ಚಂದ್ರಮೌಳೇಶ್ವರ ಗುಡಿ ನೋಡೀರೇನು, ಸುತ್ತೂ ಮನಿ, ಗ್ವಾಡಿಗೆ ಗ್ವಾಡಿ ಹತ್ತೇತಿ, ಹಂಗಾಗಿ ಇಲ್ಲಿ ಸಣ್ಣ ಹುಡುಗ್ರಿಗೂ ಈ ಕಾನೂನು ಬಾಯಿಪಾಠ ಐತಿ.

ಸ್ಮಾರಕದ ಹದ್ದಿನಿಂದ 100 ಮೀಟರ್ ನಿಷೇಧಿತ, ಅದರಾಚೆ 200 ಮೀಟರ್ ನಿಯಂತ್ರಿತ. 1992ರ ಜೂನ್ 16ಕ್ಕ ಅಧಿಸೂಚನೆ ಬಂತು, 2010ರಾಗ ಕಾಯ್ದೆಗೇ ಸೇರಿಸಿ ಬಿಗಿ ಮಾಡಿದ್ರು, ಅದಕ್ಕ ಅಂತ ರಾಷ್ಟ್ರೀಯ ಸ್ಮಾರಕ ಪ್ರಾಧಿಕಾರ ಅನ್ನೂ ಬ್ಯಾರೆ ಸಂಸ್ಥಾನೇ ದಿಲ್ಲಿಯಾಗ ಮಾಡ್ಯಾರ. ಎಎಸ್‌ಐ ಬ್ಯಾರೆ, ಇದು ಬ್ಯಾರೆ, ಎರಡೂ ಸಂಸ್ಕೃತಿ ಸಚಿವಾಲಯದ ಕೆಳಗೇ. 100 ಮೀಟರಿನಾಗ ಹೊಸಾ ಮನಿ ಕಟ್ಟಾಕ ಬರೂದಿಲ್ಲ, ಖರೇ. ಆದ್ರ ಆ 1992ರ ತಾರೀಖಿಗಿಂತ ಮೊದಲಿನ ಮನಿ ಇದ್ರ ರಿಪೇರಿ, ನವೀಕರಣಕ್ಕ ಅರ್ಜಿ ಹಾಕಾಕ ಬರ್ತೈತಿ, ಕಾಯ್ದೆಯಾಗೇ ಐತಿ, 20ಸಿ ಅಂತ ಕಲಂ. ನಿಮ್ಮ ಕಾಕಾಂದು ಹಳೇ ಮನಿ ಅಂದ್ರೆಲ್ಲ, ಪಂಚಾಯ್ತಿ ಉತಾರ, ಹಳೇ ಮನಿ ಪಟ್ಟಿ ಪಾವತಿ, ಹಳೇ ಕರೆಂಟ್ ಬಿಲ್ ಏನ್ ಸಿಗ್ತೈತಿ ಎಲ್ಲಾ ಹುಡುಕಿಟ್ಕೋರಿ, 1992ರಕಿಂತ ಹಿಂದಿಂದು ಅಂತ ತೋರಿಸೂದೇ ಮುಖ್ಯ. ಅರ್ಜಿ ಸಕ್ಷಮ ಪ್ರಾಧಿಕಾರಿಗೆ, ಅಂದ್ರ ಈ ಪರವಾನಗಿಗೆ ಅಂತಲೇ ನೇಮಿಸಿದ ಅಧಿಕಾರಿಗೆ ಹೋಗ್ತೈತಿ, ಅವರು ದಿಲ್ಲಿ ಪ್ರಾಧಿಕಾರದ ಶಿಫಾರಸು ತಗೊಂಡು ಪರವಾನಗಿ ಕೊಡ್ತಾರ. ಬಾಯಿ ಮಾತಿಗೆ ‘ಕಟ್ಟಬ್ಯಾಡ’ ಅಂದವರ ಮಾತ ಕೇಳಿ ಸುಮ್ಮ ಕುಂದ್ರಬ್ಯಾಡ್ರಿ, ಹಂಗಂತ ರಾತ್ರೋರಾತ್ರಿ ಗ್ವಾಡಿ ಏರಿಸಾಕೂ ಹೋಗಬ್ಯಾಡ್ರಿ.

ಮತ್ತ ಪಂಚಾಯ್ತಿಯವರಿಗೆ ಹೇಳ್ರಿ, ಗಟಾರ, ಸಾರ್ವಜನಿಕ ಶೌಚಾಲಯ, ನಲ್ಲಿ ನೀರು, ಕರೆಂಟ್ ಕೆಲಸ ಇವನ್ನ ಕಾಯ್ದೆ ‘ನಿರ್ಮಾಣ’ ಅಂತ ಹಿಡಿಯೂದೇ ಇಲ್ಲ. ಗುಡಿ ಹತ್ರ ಗಟಾರ ತುಂಬಿ ನಾರಾಕ ಹತ್ತಿದ್ರೂ ಪುರಾತತ್ವದವರು ಬಿಡೂದಿಲ್ಲ ಅನ್ನೂ ನೆವ ಹೇಳ್ಕೊಂಡು ಕುಂದ್ರೂ ಮೆಂಬರ್ರು ಭಾಳ ಮಂದಿ ಅದಾರ.

ರಾಣೆಬೆನ್ನೂರು ಟು ಬೆಂಗಳೂರು

ಎಲ್ಲಾ ಸರಿ, ಆದ್ರೆ ಇಷ್ಟೆಲ್ಲ ದಿಲ್ಲಿಯಿಂದ ನಡೆಸೋದು ಯಾಕೆ ಬೇಕು ಅನ್ನೋದೇ ನನ್ನ ಪ್ರಶ್ನೆ. 2013ರಲ್ಲಿ ಸರ್ಕಾರದ ಲೆಕ್ಕ ತಪಾಸಣೆ ಮಾಡೋ ಸಿಎಜಿ ಆಡಿಟ್ ಮಾಡಿದಾಗ ಪಟ್ಟಿಯಲ್ಲಿದ್ದ 92 ಸ್ಮಾರಕ ಜಾಗದಲ್ಲೇ ಇರಲಿಲ್ಲ! ಆಮೇಲೆ ಹುಡುಕಿ 42 ಸಿಕ್ತು ಅಂದ್ರು, 14 ಊರು ಬೆಳೆದು ನುಂಗಿಹಾಕಿತ್ತು, 12 ಡ್ಯಾಮ್ ನೀರಲ್ಲಿ ಮುಳುಗಿತ್ತು, 24ಕ್ಕೆ ಪತ್ತೆನೇ ಇಲ್ಲ. ಸಂಸತ್ತಿನ ಸಮಿತಿ 2022ರ ಡಿಸೆಂಬರ್‌ನಲ್ಲಿ ಕೊಟ್ಟ ವರದಿಯಲ್ಲಿ ಇನ್ನೊಂದು ಲೆಕ್ಕ ಇದೆ, 3,693 ಸ್ಮಾರಕದಲ್ಲಿ ಕಾವಲುಗಾರರನ್ನ ಹಾಕಿರೋದು ಬರೀ 248 ಕಡೆ. ಅಂದ್ರೆ ನಿಮ್ಮೂರ ಗುಡಿಗೆ ಒಬ್ಬ ಮನುಷ್ಯ ಇದ್ದಾನಲ್ಲ, ನೀವು ಅದೃಷ್ಟವಂತರು ಕಣ್ರಿ. ಇದಕ್ಕಿಂತ ಕಂಪನಿಗಳಿಗೆ ದತ್ತು ಕೊಡೋದೇ ವಾಸಿ, ಕೆಂಪು ಕೋಟೆಗೆ ದಾಲ್ಮಿಯಾ ಭಾರತ್‌ನವರು 2018ರಲ್ಲಿ ಐದು ವರ್ಷಕ್ಕೆ 25 ಕೋಟಿ ಅಂತ ಒಪ್ಪಂದ ಮಾಡಿಕೊಂಡಿದ್ರಲ್ಲ, ಆ ಥರ.

ಸಪ್ತಾಪುರ ರೀಡಿಂಗ್ ರೂಮ್

@ರಾಣೆಬೆನ್ನೂರು, ಆ ದತ್ತು ಯೋಜನಾದಾಗ ಕಂಪನಿಯವರು ಮಾಡೂದು ಶೌಚಾಲಯ, ಕುಡಿಯೂ ನೀರು, ಲೈಟು, ಬೆಂಚು, ಸೂಚನಾ ಫಲಕ ಇಂಥವು. 2023ರಾಗ ಎಎಸ್‌ಐ ಅದನ್ನೇ 2.0 ಅಂತ ಹೊಸದಾಗಿ ತಂತು, ಅದೂ ಸೌಲಭ್ಯದ್ದೇ. ಶಿಖರದ ಗಿಡ ಕಂಪನಿ ಬಂದು ತಗಿಯೂದಿಲ್ಲ. ಮತ್ತ ಯಾವ ಕಂಪನಿ ಗದಗ ತಾಲೂಕಿನ ಹಳ್ಳಿ ಗುಡಿ ದತ್ತು ತಗೋತದ ಹೇಳ್ರಿ? ಮಂದಿ ಬಂದು ಫೋಟೋ ಹೊಡಕೊಳ್ಳೂ ಜಾಗಾನೇ ಅವರಿಗೆ ಬೇಕು. ಟಿಕೀಟ್ ಇಲ್ಲದ, ಟೂರಿಸ್ಟ್ ಬರದ ಗುಡಿ ಸರಕಾರದ ಪಟ್ಟಿಯಾಗೂ ಕೆಳಗ, ಕಂಪನಿ ಪಟ್ಟಿಯಾಗ ಇಲ್ಲೇ ಇಲ್ಲ.

ದಿಲ್ಲಿ ಬ್ಯಾಡ ಅನ್ನೂದಕ್ಕೂ ನನ್ನ ತಕರಾರು ಅದ. ಸರ್ಕಲ್ಲಿಗೇ ಒಂದಿಷ್ಟು ರೊಕ್ಕ ಕೊಟ್ಟು, ಗಿಡ ತಗಿಯೂದು, ಸೋರೂದು ನಿಲ್ಲಸೂದು ಇಂಥ ಸಣ್ಣ ಕೆಲಸ ವರ್ಷಪೂರ್ತಿ ಕೇಳದ ಮಾಡ್ರಿ ಅಂತ ಬಿಟ್ರ ಸಾಕು, ಇಡೀ ಇಲಾಖೆ ಕಿತ್ತು ಹಾಕೂದು ಬ್ಯಾಡ. ರಾಜ್ಯದ ಕೈಯಾಗಿನ ಸ್ಮಾರಕಗೋಳ ಕಥಿ ಏನ್ ಬ್ಯಾರೆ ಅದ?

ಗದಗಿನ ಗಾಳಿ

ಭಾಳ ಉಪಕಾರ ಆತ್ರಿ ಎಲ್ಲಾರಿಂದ. ಇವತ್ತ ಸಂಜಿಗೆ ಹೋಗಿ ಬೋರ್ಡ್ ಓದಿದೆ, 1958ರ ಕಾಯ್ದೆದೇ ಐತಿ. ಕಾಕಾ ಮನಿ ಪಟ್ಟಿ ಪಾವತಿ ಹುಡುಕಾಕ ಟ್ರಂಕ್ ಇಳಿಸ್ಯಾನ.

ಇನ್ನೊಂದ ಕೇಳ್ತೀನಿ, ಬ್ಯಾಸರಾಗಬ್ಯಾಡ್ರಿ. ನಮ್ಮೂರ ಯುವಕ ಮಂಡಳದವರು ಗಣಪತಿ ಪಟ್ಟಿ ಉಳದದ್ದು, ಮುಂಬಯಿ ಪುಣೆಯಾಗ ಇರೂ ನಮ್ಮೂರವರು ಕೊಡೂದು ಎಲ್ಲಾ ಸೇರಿಸಿ ನಾವೇ ರೊಕ್ಕ ಕೊಡ್ತೀವಿ, ಇಲಾಖೆಯವರು ಕೆಲಸ ಮಾಡ್ಲಿ ಅಂತಾರ. ಹಂಗ ಕೊಡಾಕ ಬರ್ತೈತೇನ್ರಿ? ಧರ್ಮಸ್ಥಳದವರು ಹಳೇ ಗುಡಿ ರಿಪೇರಿ ಮಾಡಸ್ತಾರಂತಲ್ಲ, ಅವರನ್ನ ಕೇಳಬಹುದೇನು?

ಹಾವೇರಿ ಏಲಕ್ಕಿ

ಧರ್ಮಸ್ಥಳದ ಧರ್ಮೋತ್ಥಾನ ಟ್ರಸ್ಟಿಂದು ಚಲೋ ಕೆಲಸ, ನಾನೂ ನೋಡೀನಿ, ಕಲ್ಲ ಹಂಗೇ ನಂಬರ್ ಹಾಕಿ ಇಳಿಸಿ ಏರಸ್ತಾರ. ಸರಕಾರ 40, ಟ್ರಸ್ಟ್ 40, ಊರವರು 20 ಪಾಲು ಅಂತ ಲೆಕ್ಕ. ಆದ್ರ ಅದು ರಾಜ್ಯ ಸರಕಾರದ ಕೂಡ ಮಾಡ್ಕೊಂಡ ವ್ಯವಸ್ಥಾ. ನಿಮ್ಮದು ಕೇಂದ್ರದ್ದು, ಅಲ್ಲಿ ಎಎಸ್‌ಐ ಒಪ್ಪಿಗಿ ಇಲ್ಲದ ಬ್ಯಾರೆಯವರು ಕೈ ಹಚ್ಚಾಕ ಬರೂದಿಲ್ಲ.

ಸಪ್ತಾಪುರ ರೀಡಿಂಗ್ ರೂಮ್

ಕೊಡಾಕ ಬರ್ತದ, ಆದ್ರ ಆಫೀಸಿಗೆ ಹೋಗಿ ಕೈಯಾಗ ಕೊಡೂದಲ್ಲ. ರಾಷ್ಟ್ರೀಯ ಸಂಸ್ಕೃತಿ ನಿಧಿ ಅಂತ 1996ರಾಗ ಒಂದ ಟ್ರಸ್ಟ್ ಮಾಡ್ಯಾರ, ನ್ಯಾಶನಲ್ ಕಲ್ಚರ್ ಫಂಡ್, ಸಂಸ್ಕೃತಿ ಸಚಿವರು ಅದರ ಕೌನ್ಸಿಲ್ ಅಧ್ಯಕ್ಷರು, ಸಚಿವಾಲಯದ ಕಾರ್ಯದರ್ಶಿ ಎಕ್ಸಿಕ್ಯೂಟಿವ್ ಕಮಿಟಿ ಅಧ್ಯಕ್ಷರು. ಕೊಡವರು ಇಂಥದ್ದೇ ಸ್ಮಾರಕ, ಇಂಥದ್ದೇ ಕೆಲಸ ಅಂತ ಹೇಳಿ ಒಪ್ಪಂದ ಮಾಡ್ಕೊಂಡು ಕೊಡಬಹುದು, ಕೊಟ್ಟ ರೊಕ್ಕಕ್ಕ ಇನ್‌ಕಮ್ ಟ್ಯಾಕ್ಸಿನಾಗ ನೂರಕ್ಕ ನೂರು ವಿನಾಯಿತಿನೂ ಅದ, ಕೆಲಸ ಎಎಸ್‌ಐ ಉಸ್ತುವಾರಿಯಾಗ ಆಗ್ತದ. ದಿಲ್ಲಿ ಹುಮಾಯೂನ್ ಸಮಾಧಿ ತೋಟ ಆಗಾ ಖಾನ್ ಟ್ರಸ್ಟಿನವರು ಈ ದಾರಿಲೇ ಮಾಡಿಸಿದ್ದು. ಇದು ಒಂದೊಂದು ಪ್ರಾಜೆಕ್ಟಿಗೆ ಕೋಟಿಗಟ್ಟಲೆ ಕೊಡವರ ಅಳತಿಗೆ ಹೊಲದ ಅಂಗಿ ಅಂತ ನನಗ ಅನ್ನಸ್ತದ, ಗಣಪತಿ ಪಟ್ಟಿಗೆ ಸಡಲಾಗ್ತದ, ಆದ್ರೂ ಕೇಳೂದಕ್ಕ ಏನ್ ಖರ್ಚು.

ಅದಕ್ಕಿಂತ ಮೊದಲ ಹತ್ತ ರೂಪಾಯಿ ಕೆಲಸ ಮಾಡ್ರಿ. ಆರ್‌ಟಿಐ ಹಾಕ್ರಿ, ಕೇಂದ್ರದ ಆನ್‌ಲೈನ್ ಪೋರ್ಟಲ್‌ನಾಗ, ರಾಜ್ಯದ್ದರಾಗ ಅಲ್ಲ. ‘ಯಾಕ ರಿಪೇರಿ ಮಾಡಿಲ್ಲ’ ಅಂತ ಕೇಳಬ್ಯಾಡ್ರಿ, ಯಾಕ ಅನ್ನೂದು ಮಾಹಿತಿ ಅಲ್ಲ ಅಂತ ವಾಪಸ್ ಕಳಸ್ತಾರ. ಹೋದ ಮೂರ ವರ್ಷದ ಕನ್ಸರ್ವೇಶನ್ ಪ್ರೋಗ್ರಾಮಿನಾಗ ಈ ಸ್ಮಾರಕದ ಹೆಸರು ಇರೂ ಪುಟದ ಪ್ರತಿ, ಮಂಜೂರಾದ ಎಸ್ಟಿಮೇಟಿನ ಪ್ರತಿ, ಖರ್ಚಾದ ಮೊತ್ತ, ಕನ್ಸರ್ವೇಶನ್ ಅಸಿಸ್ಟೆಂಟ್ ಕೊಟ್ಟ ಇನ್‌ಸ್ಪೆಕ್ಷನ್ ವರದಿ ಪ್ರತಿ ಅಂತ ಕೇಳ್ರಿ. ಪಟ್ಟಿಯಾಗ ಹೆಸರು ಇತ್ತೋ ಇಲ್ಲೋ ಅನ್ನೂದು 30 ದಿನದಾಗ ಗೊತ್ತಾಗ್ತದ, ಆಮ್ಯಾಲ ಮುಂದಿನ ವರ್ಷದ ಪಟ್ಟಿಗೆ ಸೇರಸ್ರಿ ಅಂತ ಗಿಡದ ಫೋಟೋ ಹಚ್ಚಿ ಸರ್ಕಲ್ಲಿಗೆ ಒಂದ ಅರ್ಜಿ, ಅದರ ಪ್ರತಿ ಎಂಪಿ ಆಫೀಸಿಗೆ. ಗದಗ ವಿಧಾನಸಭಾ ಕ್ಷೇತ್ರ ಅಂದ್ರ ಹಾವೇರಿ ಲೋಕಸಭಾ, ನರಗುಂದ ಕ್ಷೇತ್ರ ಅಂದ್ರ ಬಾಗಲಕೋಟಿ, ನಿಮ್ಮ ಹಳ್ಳಿ ಯಾವುದಕ್ಕ ಬರ್ತದ ನೋಡಿ ಕಳಸ್ರಿ ಮತ್ತ.

ಹುಬ್ಬಳ್ಳಿ ಮಿರ್ಚಿ

ಫೋಟೋ ತಗಿಯೂ ಮುಂದ ಗಿಡದ ಬಾಜೂಕ ಒಂದ ಅಳತಿ ಪಟ್ಟಿ ಹಿಡದು ತಗೀರಿ, ತಾರೀಖು ಕಾಣೂ ಹಂಗ. ಇಲ್ಲಾಂದ್ರ ಸಣ್ಣ ಗಿಡ ಐತಿ ಅಂತ ಬರದು ಫೈಲ್ ಮುಚ್ಚತಾರ. ಈ ಸಲ ಜೋಕ್ ಅಲ್ರಿ ಇದು.